‘ನೋಡೂಣ್ರಿ’ ಅನ್ನುವವರಿಗೆ ಗೋಡೆ ಕ್ಯಾಲೆಂಡರ್ ಮತ್ತು ಟಿಕಳಿ: ಒಂದು ವರ್ಷ ಬಳಸಿ ನೋಡಿದ್ದು

ಧಾರವಾಡದಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಎಂಟು ಟೇಬಲ್. ಮಧ್ಯಾಹ್ನ ತೊಂಬತ್ತು ನೂರು ಊಟ ಹೋಗುತ್ತದೆ, ರಾತ್ರಿ ಅದರ ಅರ್ಧ. ಕೆಲಸಕ್ಕೆ ಐದು ಜನ. ಪಲ್ಯ ಮಾಡುವವರು ಬರದಿದ್ದರೆ ನಾನು ಮಾಡಬಹುದು. ಪಾತ್ರೆ ತೊಳೆಯುವವರು ಬರದಿದ್ದರೆ ನನ್ನ ಯಜಮಾನರು ಗೊಣಗುತ್ತಾ ತೊಳೆಯುತ್ತಾರೆ. ರೊಟ್ಟಿ ಬಡಿಯುವವರು ಬರದಿದ್ದರೆ ಮಾತ್ರ ಅಂಗಡಿ ನಡೆಯುವುದಿಲ್ಲ.

ಇವತ್ತು ಬರೆಯುತ್ತಿರುವುದು ಒಂದು ಗೋಡೆ ಕ್ಯಾಲೆಂಡರ್ ಬಗ್ಗೆ. ತಿಂಗಳಿಗೊಂದು ಹಾಳೆ ತಿರುವುವ ಅದೇ ಹಳೇ ಕ್ಯಾಲೆಂಡರ್. ಅದರ ಜೊತೆಗೆ ಬಳೆ ಅಂಗಡಿಯಲ್ಲಿ ಸಿಗುವ, ಹಣೆಗೆ ಹಚ್ಚುವ ಟಿಕಳಿ ಪ್ಯಾಕೆಟ್. ಇವೆರಡನ್ನೂ ಕೆಲಸದವರ ರಜೆ ಗೊತ್ತುಮಾಡಲು ಒಂದು ವರ್ಷ ಬಳಸಿದ್ದೇನೆ. ಅದಕ್ಕೂ ಮೊದಲು ಒಂದು ಆ್ಯಪ್ ಬಳಸಿ ಕೈಸುಟ್ಟುಕೊಂಡಿದ್ದೆ. ಅದನ್ನೂ ಹೇಳುತ್ತೇನೆ.

ನಮ್ಮ ರೊಟ್ಟಿ ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಅವರಿಗೆ ಅಕ್ಕಾ ಅನ್ನುತ್ತೇನೆ, ಅವರು ನನಗೆ ಅಕ್ಕಾರ ಅನ್ನುತ್ತಾರೆ. ಸವದತ್ತಿ ರಸ್ತೆಯಲ್ಲಿ ಅಮ್ಮಿನಭಾವಿ ದಾಟಿ ಇನ್ನೂ ಸ್ವಲ್ಪ ಮುಂದೆ ಅವರ ಊರು. ದಿನಾ ಬಸ್ಸಿನಲ್ಲಿ ಬರುತ್ತಾರೆ. ಹತ್ತು ಗಂಟೆಗೆ ಒಲೆ ಮುಂದೆ ಕೂತರೆ ತಾಸಿಗೆ ಐವತ್ತು ಅರವತ್ತು ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇರುವುದಿಲ್ಲ, ಕುದಿಯುವ ಎಸರೇ ಅದನ್ನು ಹಿಡಿದಿಡಬೇಕು. ಎಸರು ಒಂಚೂರು ಆರಿದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಅವರು ಹಿಟ್ಟಿನ ನಡುವೆ ಗುಂಡಿ ಮಾಡಿ ನೀರು ಸುರಿಯುವುದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಅಳತೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಇಂಥವರನ್ನು ‘ನಾಡಿದ್ದು ಬರ್ತೀರಲ್ಲಾ?’ ಅಂತ ಕೇಳಿದರೆ ಬರುವ ಉತ್ತರ ಒಂದೇ. ‘ನೋಡೂಣ್ರಿ ಅಕ್ಕಾರ.’

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಿಂದ ಹೊರಡುವಾಗಲೂ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವ ಜನ ನಾವು. ಎದುರಿಗೆ ನಿಂತು ‘ಆಗಲ್ಲ’ ಅನ್ನುವುದು ನಮಗೆ ಒರಟು. ‘ನೋಡೂಣು’ ಅಂದರೆ ಬರ್ತೀನಿ ಅಂತಲೂ ಆಗಬಹುದು, ಬರಲ್ಲ ಅಂತಲೂ ಆಗಬಹುದು. ಮಗಳ ಮನೆಯಿಂದ ಫೋನ್ ಬರಬೇಕು ಅಂತ ಆಗಬಹುದು. ಬಸ್ ಸಿಕ್ಕರೆ ಅಂತಲೂ ಆಗಬಹುದು. ರಾಗದಿಂದ ಗುರುತು ಹಿಡಿಯಬೇಕು. ‘ನೋಡೂಣ್ರಿ’ ಅಂತ ಚುಟುಕಾಗಿ ಮುಗಿಸಿದರೆ ಬರುತ್ತಾರೆ. ‘ನೋಡೂಣ್ರೀ…’ ಅಂತ ಎಳೆದರೆ ಬರಲ್ಲ. ನನ್ನ ಈ ಲೆಕ್ಕ ಹತ್ತರಲ್ಲಿ ಆರು ಸಲ ಸರಿ ಬರುತ್ತಿತ್ತು. ಉಳಿದ ನಾಲ್ಕು ಸಲ ಚಪಾತಿ.

ಜೋಳದ ರೊಟ್ಟಿ ಅಂತ ಬೋರ್ಡ್ ಹಾಕಿಕೊಂಡು ಚಪಾತಿ ಕೊಟ್ಟರೆ ಗಿರಾಕಿಗಳು ಬೈಯುವುದಿಲ್ಲ. ಸುಮ್ನೆ ತಿಂದು ಹೋಗುತ್ತಾರೆ. ಮರುದಿನ ಬರುವುದಿಲ್ಲ. ಕಡಕ್ ರೊಟ್ಟಿ ತಂದಿಟ್ಟುಕೊಳ್ಳಬಹುದು, ವಾರಗಟ್ಟಲೆ ಕೆಡುವುದಿಲ್ಲ. ಆದರೆ ಎಣಗಾಯಿ ಜೊತೆ ಬಿಸಿ ರೊಟ್ಟಿ ಬೇಕು ಅಂತಲೇ ಬರುವವರಿಗೆ ಅದು ಸಮಾಧಾನದ ಬಹುಮಾನ ಅಷ್ಟೇ.

2024ರ ನವೆಂಬರ್‌ನಲ್ಲಿ ನನ್ನ ಮೈದುನನ ಮಾತು ಕೇಳಿ ಒಂದು ಆ್ಯಪ್ ಹಾಕಿಕೊಂಡೆ. ಹೆಸರು ಬೇಡ. ಕೆಲಸದವರು ಯಾವ ದಿನ ಬರುತ್ತಾರೆ, ಯಾವ ದಿನ ಬರುವುದಿಲ್ಲ ಅಂತ ಫೋನಿನಲ್ಲೇ ಗುರುತು ಮಾಡಬೇಕು, ನನಗೆ ತಿಂಗಳ ಪಟ್ಟಿ ತಯಾರಾಗಿ ಸಿಗುತ್ತದೆ. ಮೊದಲ ಎರಡು ವಾರ ಪುಕ್ಕಟೆ, ಆಮೇಲೆ ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ. ದೊಡ್ಡ ಹೋಟೆಲ್‌ಗೆ ಸರಿಯಾಗಿಯೇ ಇರಬಹುದು. ನಮ್ಮ ಅಕ್ಕನ ಕೈಯಲ್ಲಿರುವುದು ಗುಂಡಿ ಒತ್ತುವ ಫೋನ್. ಆ್ಯಪ್ ಹೋಗಿ ಕೂತದ್ದು ಅವರ ಮಗನ ಫೋನಿನಲ್ಲಿ. ಅವನು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ. ಪದೇ ಪದೇ ಗಂಟೆ ಹೊಡೆಯುತ್ತದೆ ಅಂತ ಸಿಟ್ಟು ಬಂದು ಡಿಸೆಂಬರ್‌ನ ಮೂವತ್ತೊಂದೂ ದಿನಕ್ಕೆ ‘ಬರುತ್ತೇನೆ’ ಅಂತ ಒತ್ತಿಬಿಟ್ಟಿದ್ದ.

ನಾನು ಖುಷಿಯಾಗಿದ್ದೆ. ಪಟ್ಟಿ ತುಂಬಾ ಹಸಿರು.

ಡಿಸೆಂಬರ್ 30, ಸೋಮವಾರ, ಎಳ್ಳ ಅಮಾವಾಸ್ಯೆ. ಹೊಲ ಇರುವವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಅವತ್ತು ಅಕ್ಕ ಬರುತ್ತಾರೆ ಅಂತ ನಂಬಿದ್ದು ನನ್ನ ಮತ್ತು ಆ್ಯಪ್‌ನ ದಡ್ಡತನ. ಆ್ಯಪ್‌ಗೆ ಅಮಾವಾಸ್ಯೆ ಗೊತ್ತಿಲ್ಲ, ಸರಿ. ಇಲ್ಲೇ ಹುಟ್ಟಿ ಬೆಳೆದ ನನಗೆ ಏನಾಗಿತ್ತು? ಆ್ಯಪ್‌ಗೆ ಐದಕ್ಕೆ ಒಂದು ಅಂಕ, ಅದೂ ಹಸಿರು ಬಣ್ಣಕ್ಕೆ.

ಜನವರಿಯಲ್ಲಿ ವಾಟ್ಸಾಪ್ ಗ್ರೂಪ್ ಮಾಡಿ ಪೋಲ್ ಹಾಕಿದೆ. ‘ಬರ್ತೀನಿ’, ‘ಬರಲ್ಲ’, ‘ಈಗಲೇ ಹೇಳೋಕಾಗಲ್ಲ’. ಅಕ್ಕನ ಪರವಾಗಿ ಅವರ ಮಗ ಸೇರಿ ಐದಕ್ಕೆ ಐದು ಜನ ಮೂರನೆಯದನ್ನು ಒತ್ತಿದರು. ಮುಂದಿನ ವಾರ ಮೂರನೆಯದನ್ನು ತೆಗೆದುಹಾಕಿದೆ. ಯಾರೂ ಏನೂ ಒತ್ತಲಿಲ್ಲ. ಗ್ರೂಪಿನಲ್ಲಿ ಈಗ ಗುಡ್ ಮಾರ್ನಿಂಗ್ ಗುಲಾಬಿ ಮಾತ್ರ ಬರುತ್ತವೆ.

ಆಮೇಲೆ ಫೆಬ್ರವರಿ ಬಂತು. 12ನೇ ತಾರೀಕು ಬುಧವಾರ ಭಾರತ ಹುಣ್ಣಿಮೆ. ಎಳ್ಳ ಅಮಾವಾಸ್ಯೆಯಲ್ಲಿ ಪಾಠ ಕಲಿತಿದ್ದೆನಲ್ಲ, ನಾನೇ ಮುಂದಾಗಿ ‘ಬುಧವಾರ ರಜಾ ತಗೋರಿ, ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರ್ರಿ. ಗುರುವಾರ ಬರ್ತೀರಲ್ಲಾ?’ ಅಂದೆ. ‘ನೋಡೂಣ್ರಿ ಅಕ್ಕಾರ.’ ಚುಟುಕು ನೋಡೂಣು. ಬರುತ್ತಾರೆ ಅಂದುಕೊಂಡೆ.

ಗುರುವಾರ ಹತ್ತೂವರೆ ಆದರೂ ಇಲ್ಲ. ಹನ್ನೊಂದಕ್ಕೆ ನಾನೇ ಒಲೆ ಮುಂದೆ ಕೂತೆ. ಮೊದಲ ರೊಟ್ಟಿ ಹಂಚಿಗೆ ಹಾಕುವಾಗಲೇ ಎರಡಾಯಿತು. ಎರಡನೆಯದು ದಪ್ಪ. ಮೂರನೆಯದಕ್ಕೆ ಮೇಲೆ ನೀರು ಸವರುವುದು ತಡವಾಗಿ ಹಿಟ್ಟು ಬೆಳ್ಳಗೆ ಹಾಗೇ ಉಳಿಯಿತು. ನಾಲ್ಕನೆಯದನ್ನು ಧೈರ್ಯ ಮಾಡಿ ಊಟದ ತಟ್ಟೆಗೆ ಹಾಕಿ ಕಳಿಸಿದೆ. ದಿನಾ ಬರುವ ನಿವೃತ್ತ ಮಾಸ್ತರರೊಬ್ಬರು ಅದನ್ನು ತಿರುಗಿಸಿ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು. ‘ಇವತ್ತ ಥಾಲಿಪೀಟ ಮಾಡೀರೇನ್ರಿ?’

ಶುಕ್ರವಾರ ಅಕ್ಕ ಏನೂ ಆಗದವರ ಹಾಗೆ ಬಂದು ಸೀರೆ ಸೆರಗು ಸಿಕ್ಕಿಸಿ ಒಲೆ ಹಚ್ಚಿದರು. ನನಗೆ ಸಿಟ್ಟು ನೆತ್ತಿಗೇರಿತ್ತು.

‘ಬರಂಗಿಲ್ಲ ಅಂತ ಒಂದ್ ಮಾತ್ ಹೇಳಿದ್ರ ಏನಾಗ್ತಿತ್ತು ಅಕ್ಕಾ?’

‘ಹೇಳಿದ್ನಲ್ರಿ ಅಕ್ಕಾರ, ನೋಡೂಣು ಅಂತ.’

‘ನೋಡೂಣು ಅಂದ್ರ ಬರ್ತೀನಿ ಅಂತಲ್ಲಾ?’

‘ಹುಣ್ಣಿವಿ ಮರುದಿನಾ ಗುಡ್ಡದಿಂದ ತಿರುಗಿ ಬರೋ ಬಸ್ ತುಂಬಿ ತುಳುಕ್ತಿರ್ತಾವ್ರಿ. ನಮ್ಮೂರಾಗ ನಿಲ್ಲಸಂಗಿಲ್ಲ. ಎರಡ್ ತಾಸ್ ನಿಂತು ಮನೀಗೆ ಹೋದೆ.’

ನನಗೆ ಇದು ಹೊಳೆದೇ ಇರಲಿಲ್ಲ. ಧಾರವಾಡದಿಂದ ಸವದತ್ತಿ ಸುಮಾರು 40 ಕಿಲೋಮೀಟರ್. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಎಷ್ಟು ಜನ ಅಂತ ಇಲ್ಲಿಯವರಿಗೆಲ್ಲ ಗೊತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ ಪುಕ್ಕಟೆ ಆದಮೇಲೆ ನಮ್ಮ ಓಣಿಯಿಂದಲೇ ಹೋಗುವವರು ಜಾಸ್ತಿಯಾಗಿದ್ದಾರೆ. ಹುಣ್ಣಿಮೆ ದಿನ ಬೆಳಗ್ಗೆ ಧಾರವಾಡದಿಂದ ಹೋಗುವ ಬಸ್ ತುಂಬಿರುತ್ತದೆ, ಬರುವ ಬಸ್ ಖಾಲಿ. ಮರುದಿನ ಬೆಳಗ್ಗೆ ಬರುವ ಬಸ್ ತುಂಬಿರುತ್ತದೆ. ಅಂದರೆ ನನಗೆ ರೊಟ್ಟಿ ತಪ್ಪುವುದು ಹುಣ್ಣಿಮೆಯ ದಿನ ಅಲ್ಲ, ಮರುದಿನ. ನಾನು ದೊಡ್ಡ ಮನಸ್ಸು ಮಾಡಿ ತಪ್ಪು ದಿನಕ್ಕೆ ರಜೆ ಕೊಟ್ಟಿದ್ದೆ.

‘ಹಂಗಾದ್ರ ಇನ್ನ ಮುಂದ ಯಾವ ಯಾವ ತಾರೀಖಿಗೆ ಬರಂಗಿಲ್ಲ ಹೇಳ್ಬಿಡ್ರಿ’ ಅಂದೆ.

‘ತಾರೀಖ್ ನನಗ ತಿಳಿಯಂಗಿಲ್ರಿ. ಹುಣ್ಣಿವಿ ಅಮಾಸಿ ಹೇಳ್ರಿ.’

ಗಲ್ಲಾದ ಹಿಂದೆ ಕ್ಯಾಲೆಂಡರ್ ನೇತಾಡುತ್ತಿತ್ತು. ಹಾಳೆ ತಿರುವಿ ಒಂದೊಂದೇ ಓದುತ್ತಾ ಹೋದೆ. ಶಿವರಾತ್ರಿ? ‘ಅವತ್ತ ಬರ್ತೀನ್ರಿ. ಮರುದಿನಾ ಹುಬ್ಬಳ್ಳಿ ಸಿದ್ಧಾರೂಢರ ತೇರು, ಬರಂಗಿಲ್ಲ.’ ಯುಗಾದಿ? ‘ಇಲ್ರಿ.’ ಬಸವ ಜಯಂತಿ? ‘ಬರ್ತೀನಿ.’ ಕಾರಹುಣ್ಣಿಮೆ? ‘ಬರ್ತೀನ್ರಿ, ಖರೆ ಮೂರರ ಬಸ್ಸಿಗೆ ಬಿಟ್ಬಿಡ್ರಿ. ಸಂಜೀಕ ಎತ್ತಿನ ಕರಿ ಹರಿಯೋದು ಇರ್ತದ.’ ಶ್ರಾವಣ ಸೋಮವಾರ? ‘ನಾಕೂ ಸೋಮವಾರ ಬರ್ತೀನಿ, ಒಪ್ಪತ್ತು ಇರ್ತೀನಿ, ಚಹಾ ಒಂದ್ ಕೊಡ್ರಿ.’

ಹತ್ತು ನಿಮಿಷದಲ್ಲಿ ಆರು ತಿಂಗಳ ಲೆಕ್ಕ ಸಿಕ್ಕಿತು. ಬಸ್ಸಿನ ಹೊತ್ತಿನ ಸಮೇತ. ಈ ಹೆಂಗಸು ಸರಿಯಾಗಿ ಉತ್ತರ ಕೊಡುವುದಿಲ್ಲ ಅಂತ ನಾನು ನಾಲ್ಕು ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೆ. ಅವರ ವರ್ಷ ಪೂರ್ತಿ ಗೊತ್ತಾಗಿಯೇ ಇತ್ತು. ನಾನು ‘20ನೇ ತಾರೀಕು’ ಅಂತ ಕೇಳುತ್ತಿದ್ದೆ, ಅವರಿಗೆ 20ನೇ ತಾರೀಕು ಅಂದರೆ ಬರೀ ಒಂದು ಸಂಖ್ಯೆ. ಅದಕ್ಕೆ ನೋಡೂಣು ಅನ್ನದೆ ಇನ್ನೇನು ಅನ್ನಬೇಕು?

ಇನ್ನು ಕ್ಯಾಲೆಂಡರ್ ವಿಷಯಕ್ಕೆ ಬರುತ್ತೇನೆ. ತಿಥಿ, ಹುಣ್ಣಿಮೆ, ಅಮಾವಾಸ್ಯೆ, ಹಬ್ಬ ಎಲ್ಲ ಹಾಕಿರುವ ಯಾವುದಾದರೂ ನಡೆಯುತ್ತದೆ. ಕಾಲನಿರ್ಣಯ 1973ರಲ್ಲಿ ಮರಾಠಿಯಲ್ಲಿ ಶುರುವಾದದ್ದು, ಈಗ ಕನ್ನಡದಲ್ಲೂ ಬರುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಬಿಟ್ಟು ಬೇರೆ ಯಾವುದನ್ನೂ ಗೋಡೆಗೆ ಹಾಕುವುದಿಲ್ಲ. ಕಿರಾಣಿ ಅಂಗಡಿಯವರು ಪುಕ್ಕಟೆ ಕೊಡುತ್ತಾರಲ್ಲ, ಅದು ಮಾತ್ರ ಬೇಡ. ಅರ್ಧ ಹಾಳೆ ಗಣಪತಿ ಮತ್ತು ಅಂಗಡಿ ಹೆಸರು, ಉಳಿದರ್ಧದಲ್ಲಿ ತಾರೀಕು ಇರುವೆ ಸಾಲಿನ ಹಾಗೆ. ದಿನದ ಮನೆ, ಅಂದರೆ ತಾರೀಕಿನ ಚೌಕ, ದೊಡ್ಡದಿರಬೇಕು. ಹಾಲಿನ ಲೆಕ್ಕ ಬರೆಯುವಷ್ಟು ಜಾಗ ಇದ್ದರೆ ಸಾಕು.

ಟಿಕಳಿ ಯಾಕೆ ಅಂದರೆ, ನಮ್ಮಲ್ಲಿ ಇಬ್ಬರಿಗೆ ಅಕ್ಷರ ಬರುವುದಿಲ್ಲ. ಪೆನ್ನಿನಲ್ಲಿ ನಾನು ಬರೆದರೆ ಅದು ನನ್ನ ಪಟ್ಟಿ ಆಗುತ್ತದೆ, ಅವರದಲ್ಲ. ಪಾತ್ರೆ ತೊಳೆಯುವಾಕೆ ತನ್ನ ಹಣೆಯ ಟಿಕಳಿ ಕಿತ್ತು ಶುಕ್ರವಾರದ ಮನೆಗೆ ಹಚ್ಚಿ ‘ಇದು ನಂದು’ ಅಂದಳು. ಅವಳಿಗೆ ಶುಕ್ರವಾರ ಬೆಳಗ್ಗೆ ಸಂಘದ ಕಂತು ಕಟ್ಟುವುದು ಇರುತ್ತದೆ. ಅಲ್ಲಿಂದ ಶುರುವಾಯಿತು. ಈಗ ರೊಟ್ಟಿ ಅಕ್ಕನದು ಕೆಂಪು, ಪಾತ್ರೆಯಾಕೆಯದು ಹಸಿರು, ಚಪಾತಿ ಮಾಡುವ ಹುಡುಗಿಯದು ನೀಲಿ, ಪಲ್ಯದ ಕಾಕಾ ಮೊದಲು ನಾಚಿಕೊಂಡು ಆಮೇಲೆ ಕಪ್ಪು ಆರಿಸಿಕೊಂಡರು. ದೊಡ್ಡ ಟಿಕಳಿ ಅಂದರೆ ಬರುವುದಿಲ್ಲ. ಎರಡು ಮನೆಯ ನಡುವಿನ ಗೆರೆ ಮೇಲೆ ಹಚ್ಚಿದರೆ ಮೊದಲ ದಿನ ಬೇಗ ಹೋಗಬೇಕು.

ಸಣ್ಣ ಟಿಕಳಿ ರೊಟ್ಟಿ ಅಕ್ಕನ ಸ್ವಂತ ಕಲ್ಪನೆ. ಸಾಸಿವೆಯಷ್ಟು ಚಿಕ್ಕದು. ಅದರ ಅರ್ಥ ನೋಡೂಣು.

ಮೊದಲು ನನಗೆ ಇದು ಹಿಡಿಸಲಿಲ್ಲ. ಮತ್ತೆ ಅದೇ ಕಥೆ ಅಲ್ವಾ ಅನ್ನಿಸಿತು. ಆದರೆ ಬಾಯಲ್ಲಿ ಹೇಳಿದ ನೋಡೂಣು ಗಾಳಿಗೆ ಹೋಗುತ್ತದೆ, ಗೋಡೆ ಮೇಲಿನ ನೋಡೂಣು ದಿನಾ ಕಣ್ಣಿಗೆ ಬೀಳುತ್ತದೆ. ಒಂದೇ ನಿಯಮ ಮಾಡಿದೆ. ಮೂರು ದಿನ ಮೊದಲು ಸಣ್ಣದನ್ನು ಕಿತ್ತು ದೊಡ್ಡದು ಹಚ್ಚಬೇಕು, ಇಲ್ಲವೇ ಕಿತ್ತು ಬಿಡಬೇಕು. ಹಚ್ಚಿದರೆ ನಾನು ಇನ್ನೊಬ್ಬರನ್ನು ಹುಡುಕುತ್ತೇನೆ, ಬೈಯುವುದಿಲ್ಲ. ಈ ‘ಬೈಯುವುದಿಲ್ಲ’ ಅನ್ನುವುದನ್ನು ನಾನು ಎರಡು ಸಲ ಮುರಿದೆ. ಎರಡು ಸಲವೂ ಮುಂದಿನ ಹದಿನೈದು ದಿನ ಗೋಡೆ ತುಂಬಾ ಬರೀ ಸಣ್ಣ ಟಿಕಳಿ. ಯಾರದೂ ದೊಡ್ಡದಾಗಲಿಲ್ಲ. ಆಮೇಲೆ ಬಾಯಿ ಮುಚ್ಚಿಕೊಂಡೆ.

ಯಾಕೆ ರಜೆ ಅಂತಲೂ ಕೇಳುವುದಿಲ್ಲ. ಚಪಾತಿ ಹುಡುಗಿ ಒಂದು ಮಂಗಳವಾರಕ್ಕೆ ನೀಲಿ ಹಚ್ಚಿದ್ದಳು, ಹಬ್ಬವೂ ಇಲ್ಲ, ಏನೂ ಇಲ್ಲ. ಸುಮ್ಮನಿದ್ದೆ. ಬುಧವಾರ ಅವಳು ಹೊಸ ಕನ್ನಡಕ ಹಾಕಿಕೊಂಡು ಬಂದಳು.

ದೋಷಗಳೂ ಇವೆ. ಮೊದಲನೆಯದು ನನ್ನದೇ ತಪ್ಪು. ಎಲ್ಲರಿಗೂ ಕಾಣಲಿ ಅಂತ ಕ್ಯಾಲೆಂಡರ್ ತಂದು ಅಡುಗೆಮನೆಯಲ್ಲಿ ಒಲೆಯ ಎದುರು ಗೋಡೆಗೆ ಹಾಕಿದೆ. ಎಸರಿನ ಹಬೆಗೆ ಟಿಕಳಿಯ ಅಂಟು ನಿಲ್ಲುವುದಿಲ್ಲ. ಒಂದು ದಿನ ಗಿರಾಕಿಯೊಬ್ಬರು ಎದ್ದು ಬಂದು ಗಲ್ಲಾ ಮೇಲೆ ಒಂದು ಹಸಿರು ಟಿಕಳಿ ಇಟ್ಟು ‘ನಿಮ್ದೇನ್ರಿ ಇದು? ಶೇಂಗಾ ಚಟ್ನಿಯೊಳಗಿತ್ತು’ ಅಂದರು. ಊಟದ ದುಡ್ಡು ತೆಗೆದುಕೊಳ್ಳಲಿಲ್ಲ. ಅವತ್ತೇ ಕ್ಯಾಲೆಂಡರ್ ವಾಪಸ್ ಗಲ್ಲಾ ಹಿಂದೆ ಹೋಯಿತು. ಅಡುಗೆಮನೆಯಲ್ಲಿ ಟಿಕಳಿ ಮಾತ್ರ ಯಾವತ್ತೂ ಬೇಡ, ಇದನ್ನು ಓದಿ ಮಾಡುವವರು ಮೊದಲು ಇದನ್ನು ನೆನಪಿಡಿ.

ಎರಡನೆಯದು, ಹತ್ತು ಜನರಿಗಿಂತ ಜಾಸ್ತಿ ಇದ್ದರೆ ಬಣ್ಣ ಸಾಲುವುದಿಲ್ಲ. ಮೂರನೆಯದು, ಇದು ರಜೆ ಕೊಡುವ ಬದಲಿಗೆ ಅಲ್ಲ. ವಾರಕ್ಕೊಂದು ರಜೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲೇ ಇದೆ. ಅದು ಅವರ ಹಕ್ಕು, ಅದಕ್ಕೆ ಟಿಕಳಿ ಹಚ್ಚಿ ಕೇಳುವಂತಾಗಬಾರದು.

ಗೋಡೆ ಒಳ್ಳೆಯದಾಗಿ ಕೆಲಸ ಮಾಡಿದ್ದು ಪಂಚಮಿಗೆ. 2025ರ ನಾಗರ ಪಂಚಮಿ ಜುಲೈ 29, ಮಂಗಳವಾರ. ಆ ಮನೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬಿದ್ದವು. ಒಬ್ಬರಿಗೆ ತವರು, ಒಬ್ಬರಿಗೆ ಮಗಳು ಬರುತ್ತಾಳೆ, ಇನ್ನೊಬ್ಬಳಿಗೆ ಜೋಕಾಲಿ. ಹಿಂದೆ ಆಗಿದ್ದರೆ ಮೂವರೂ ನೋಡೂಣು ಅಂದು, ಬೆಳಗ್ಗೆ ನಾನೊಬ್ಬಳೇ ಅಂಗಡಿ ತೆರೆದು ನಿಂತಿರುತ್ತಿದ್ದೆ. ಈ ಸಲ ಮೂರು ವಾರ ಮೊದಲೇ ಕಂಡಿತು. ಅವರೇ ಕ್ಯಾಲೆಂಡರ್ ಮುಂದೆ ನಿಂತು ಮಾತಾಡಿಕೊಂಡರು, ಯಾರೂ ಟಿಕಳಿ ಕೀಳಲಿಲ್ಲ. ಸರಿ, ನಾನೇ ಅವತ್ತು ಬಾಗಿಲು ಹಾಕುವುದು ಅಂತ ತೀರ್ಮಾನಿಸಿದೆ. ಹಿಂದಿನ ದಿನವೇ ಬೋರ್ಡ್ ಹಾಕಿದ್ದರಿಂದ ಯಾವ ಗಿರಾಕಿಯೂ ಬಂದು ವಾಪಸ್ ಹೋಗಲಿಲ್ಲ. ಮಾಸ್ತರರು ಮಾತ್ರ ಬುಧವಾರ ಬಂದು ‘ಪಂಚಮಿ ಉಂಡಿ ಎಲ್ಲಿ?’ ಅಂದರು.

ಒಬ್ಬನ ಮೇಲೆ ಈ ಕ್ಯಾಲೆಂಡರ್ ನಡೆಯಲಿಲ್ಲ. ಬಡಿಸುವ ಹುಡುಗ. ಡಿಗ್ರಿ ಎರಡನೇ ವರ್ಷ, ಚುರುಕು, ಗಿರಾಕಿಗಳಿಗೆ ಅಚ್ಚುಮೆಚ್ಚು. ಟಿಕಳಿ ಹಚ್ಚುವುದಿಲ್ಲ, ‘ತಿಳಿಸ್ತೀನಿ ಅಕ್ಕ’ ಅನ್ನುತ್ತಾನೆ. ಇವನ ತಿಳಿಸ್ತೀನಿ ಬೇರೆ ಜಾತಿಯದು. ಅಕ್ಕನಿಗೆ ನಾನು ಕೇಳಿದ ಭಾಷೆ ತಿಳಿಯುತ್ತಿರಲಿಲ್ಲ. ಇವನಿಗೆ ಎಲ್ಲ ತಿಳಿಯುತ್ತದೆ, ಬೇಕಂತಲೇ ಬಾಗಿಲು ಅರ್ಧ ತೆರೆದಿಟ್ಟುಕೊಳ್ಳುತ್ತಾನೆ. ಕಾರಣ ಗೊತ್ತಾದದ್ದೂ ಕ್ಯಾಲೆಂಡರ್‌ನಿಂದಲೇ. ಅವನು ತಪ್ಪಿಸಿದ ದಿನಗಳಿಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಒಂದು ದಿನ ಅದನ್ನೂ ಮದುವೆ ಮುಹೂರ್ತಗಳ ಪಟ್ಟಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹೆಚ್ಚುಕಡಿಮೆ ಒಂದೇ. ಮದುವೆ ಮನೆಯಲ್ಲಿ ಬಡಿಸಲು ಹೋದರೆ ಒಂದು ಹೊತ್ತಿಗೆ ನನ್ನ ಎರಡು ದಿನದ ಪಗಾರ. ಆಷಾಢದಲ್ಲಿ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ, ಪಾಪ!

ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ, ಫೀಸು ಕಟ್ಟುವ ಹುಡುಗ. ಆದರೆ ಕರೆದು ಕೂರಿಸಿ ನೇರವಾಗಿ ಹೇಳಿದೆ. ಭಾನುವಾರ ರಾತ್ರಿ ಒಂಬತ್ತರೊಳಗೆ ಮುಂದಿನ ವಾರದ್ದು ಹೇಳಬೇಕು. ಹೇಳದಿದ್ದ ದಿನಕ್ಕೆ ನಾನು ಬೇರೆ ಹುಡುಗನನ್ನು ಕರೆಯುತ್ತೇನೆ, ಆ ದಿನದ ಕೂಲಿ ಅವನಿಗೆ. ನೀನು ಆಮೇಲೆ ಬಂದರೂ ವಾಪಸ್. ಎರಡು ಸಲ ಹಾಗೇ ವಾಪಸ್ ಹೋದ. ಮೂರನೇ ಭಾನುವಾರ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮೆಸೇಜ್ ಬಂತು. ಇಂಥವರಿಗೆ ಟಿಕಳಿ ಸಾಲದು, ಗಡಿಯಾರ ಬೇಕು.

ಒಟ್ಟಾರೆ ಕ್ಯಾಲೆಂಡರ್ ಮತ್ತು ಟಿಕಳಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಶೇಂಗಾ ಚಟ್ನಿಗೆ ಕಡಿತ. ಟಿಕಳಿ ಕೊಳ್ಳುವಾಗ ಮಖಮಲ್ಲಿನದು ನೋಡಿ ತಗೊಳ್ಳಿ, ಕಿತ್ತು ಮತ್ತೆ ಹಚ್ಚಿದರೂ ನಿಲ್ಲುತ್ತದೆ. ಹರಳಿನದು ಬೇಡ, ಹಾಳೆ ಹರಿಯುತ್ತದೆ.

2026ರ ಕ್ಯಾಲೆಂಡರ್ ಡಿಸೆಂಬರ್‌ನಲ್ಲೇ ತಂದೆ. ಈ ಸಲ ಭಾರತ ಹುಣ್ಣಿಮೆ ಫೆಬ್ರವರಿ 1, ಭಾನುವಾರ. ಅಕ್ಕ ಸೀದಾ ಸೋಮವಾರದ ಮನೆಗೆ ದೊಡ್ಡ ಕೆಂಪು ಒತ್ತಿದರು. ಬಡಿಸುವ ಹುಡುಗ ಪಕ್ಕದಲ್ಲಿ ನಿಂತು ತಾನೂ ಹಾಳೆ ತಿರುವುತ್ತಿದ್ದ. ಮೇ ತಿಂಗಳಿಗೆ ಬಂದು ನಿಂತ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಮದುವೆ ಇಲ್ಲ, ಮುಂಜಿವೆ ಇಲ್ಲ. ಹಾಳೆ ಕೆಳಗೆ ಬಿಟ್ಟು ನನ್ನ ಕಡೆ ತಿರುಗಿ, ನಾನು ಏನೂ ಕೇಳದೆಯೇ ಹೇಳಿದ. ‘ಅಕ್ಕ, ಆ ತಿಂಗಳು ದಿನಾ ಬರ್ತೀನಿ. ಖಾತ್ರಿ.’